ಸಕ್ಕರೆ ನೀರಿನ ಜೇನು

ನನ್ನ ಗಂಡನ ಎದೆಗೆ ಸ್ಟೆಂಟ್ ಹಾಕಿದ ಡಾಕ್ಟರು, ಇನ್ನು ಹೋಟೆಲಿನ ಕಡೆ ತಲೆ ಹಾಕಿಯೂ ಮಲಗಬೇಡಿ ಎಂದಿದ್ದರು. ಅಂಧೇರಿಯ ನಮ್ಮ ಹೋಟೆಲನ್ನು ಈಗ ನನ್ನ ಮೈದುನ ಚೆನ್ನಾಗಿಯೇ ನಡೆಸುತ್ತಿದ್ದ. ಆದರೂ ಮಧ್ಯಾಹ್ನದ ರಶ್ ಶುರುವಾಗುವ ಹೊತ್ತಿಗೆ ಇವರು ಚಪ್ಪಲಿ ಮೆಟ್ಟಿ ರಿಕ್ಷಾ ಹತ್ತಿಬಿಡುತ್ತಿದ್ದರು. ಬೈದರೂ ಅಷ್ಟೆ, ಅತ್ತರೂ ಅಷ್ಟೆ. ಇನ್ನೊಮ್ಮೆ ಎದೆನೋವು ಬಂದರೆ ಇವರು ಉಳಿಯಲಾರರು ಎಂಬ ಭಯ ನನಗೆ.

ಜೇನಿನ ಉಪಾಯ ಅತ್ತೆಯದು. ಕಾರ್ಕಳದ ಅವರ ತವರಿನಲ್ಲಿ ಜೇನುಪೆಟ್ಟಿಗೆಗಳಿದ್ದವಂತೆ. "ಅವನಿಗೆ ಸಾಕ್ಲಿಕ್ಕೆ ಏನಾದ್ರೂ ಬೇಕು. ಹೊಟ್ಟೆ ಇರುವಂಥದ್ದು," ಎಂದರು. ಪುಣೆ ಕಡೆಯಿಂದ ಒಂದು ಪೆಟ್ಟಿಗೆ ತರಿಸಿ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿಟ್ಟೆವು. ಸೊಸೈಟಿಯವರು ತಕರಾರು ತೆಗೆಯಲಿಲ್ಲ. ಕಮಿಟಿಯ ಅರ್ಧ ಜನ ಇವರ ಇಡ್ಲಿ ತಿಂದು ಬೆಳೆದವರು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳಡಿ ಸಾಂಬಾರಿನ ಬಟ್ಟಲುಗಳನ್ನಿಟ್ಟು ನೀರು ತುಂಬಿಸಿದೆವು.

ಹೊಸದರಲ್ಲಿ ನಾಲ್ಕು ದಿನ ಸಕ್ಕರೆ ನೀರು ಕೊಡಿ ಎಂದಿದ್ದ ಪೆಟ್ಟಿಗೆ ಮಾರಿದವನು. ಇವರು ನಿಲ್ಲಿಸಲೇ ಇಲ್ಲ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ.

"ಅವು ಗಿರಾಕಿಗಳಲ್ಲ ಮಾರಾಯ್ರೆ. ರೆಕ್ಕೆ ಉಂಟು, ಹೋಗಿ ತಿಂತವೆ," ಎಂದೆ.

"ಈ ಊರಲ್ಲಿ ಹೂ ಎಲ್ಲುಂಟು? ಮನೆಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಮಲಗಿಸ್ಲಿಕ್ಕೆ ಆಗ್ತದಾ?"

ಇಲ್ಲಿ ಬಡಿಸಿ, ಮಧ್ಯಾಹ್ನ ಮತ್ತೆ ಅಂಧೇರಿಗೆ. ನನಗೆ ಈಗ ಎರಡು ಹೋಟೆಲುಗಳ ಕಾಟ.

ಮೊದಲ ಜೇನು ತೆಗೆದ ದಿನ ಅತ್ತೆ ಬೆರಳು ನೆಕ್ಕಿ ನೋಡಿದರು. "ಇದಕ್ಕೆ ವಾಸನೆಯೇ ಇಲ್ಲ ಮಗಾ. ನಿನ್ನ ಸಕ್ಕರೆಯನ್ನೇ ವಾಪಸ್ ಕೊಟ್ಟದ್ದು ಅವು." ಇವರ ಮುಖ ಸಣ್ಣದಾಯಿತು. ನನಗೆ ನಗು ಬಂತು, ಪಾಪ ಅಂತಲೂ ಅನ್ನಿಸಿತು. ಅಂದಿನಿಂದ ಲೋಟ ಮೇಲೆ ಹೋಗಲಿಲ್ಲ. ಆದರೆ ಹಸಿವಾದರೆ ಜೇನು ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ ಎಂದು ಯಾರೋ ಇವರ ಕಿವಿಗೆ ಹಾಕಿದ್ದರು. ಹೋಟೆಲಿನಿಂದ ಬಂದವರೇ ಟೆರೇಸಿನಲ್ಲಿ ಕುರ್ಚಿ ಹಾಕಿಕೊಂಡು ಕತ್ತಲಾಗುವವರೆಗೆ ಪೆಟ್ಟಿಗೆಯ ಬಾಗಿಲು ಕಾಯುತ್ತಿದ್ದರು.

ಗೇಟಿನ ಹೊರಗಿನ ಹೊಂಗೆ ಮರಗಳು ಹೂ ಬಿಟ್ಟ ಮೇಲೆ ಒಂದು ದಿನ ಮುಚ್ಚಳ ತೆಗೆದೆವು. ನಾನು ಹೊಗೆ ಹಿಡಿದಿದ್ದೆ. ಮೇಣದ ಎರಿಯ ಕಣ್ಣುಗಳಲ್ಲೆಲ್ಲ ಜೇನು ತುಂಬಿತ್ತು. ಇವರು ಒಂದು ಚೂರು ಮುರಿದು ಮೂಸಿದರು, ನನಗೂ ಹಿಡಿದರು. ನಮ್ಮ ಗೇಟಿನ ಹೊರಗಿನ ರಸ್ತೆಯದ್ದೇ ಪರಿಮಳ.

"ನಾನು ಏನೂ ಹಾಕ್ಲಿಲ್ಲ," ಎಂದರು ಮೆಲ್ಲಗೆ. "ತಮ್ಮ ಹೊಟ್ಟೆ ಅವೇ ನೋಡ್ಕೊಂಡಿದ್ದಾವೆ." ಆ ಮಾತಿನಲ್ಲಿ ಹೆಮ್ಮೆಯೂ ಇತ್ತು, ಚೂರು ಬೇಜಾರೂ ಇತ್ತು.

ಕೆಳಗಿಳಿದಾಗ ಮಧ್ಯಾಹ್ನವಾಗಿತ್ತು, ಹೋಟೆಲಿನ ರಶ್ ಹೊತ್ತು. ಈಗ ರಿಕ್ಷಾ ಕರೆಯುತ್ತಾರೆ ಎಂದು ನಾನು ಮುಖ ಗಂಟು ಹಾಕಿಕೊಂಡೇ ನಿಂತಿದ್ದೆ. ಇವರು ಕೈ ತೊಳೆದು ಬಂದು ಎರಡು ತಟ್ಟೆ ಇಟ್ಟರು. "ನೀನೂ ಕೂತ್ಕೋ," ಎಂದರು. ಮದುವೆಯಾದಂದಿನಿಂದ ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೆ ಉಂಡದ್ದು ಅದೇ ಮೊದಲು. ಬಡಿಸಿದ್ದು ಮಾತ್ರ ಇವರೇ.