ಮಟ್ಟಿಯಲ್ಲಿ ಗೆದ್ದ ಹಾದಿ

ನಾವಿಬ್ಬರು ಷಡ್ಡಕರು ಹೊಡೆದಾಡದೆ ಒಂದು ತೀರ್ಮಾನಕ್ಕೆ ಬಂದದ್ದು ನನಗೆ ನೆನಪಿಲ್ಲ. ಷಡ್ಡಕರಾದದ್ದು ಆಮೇಲೆ, ಅದಕ್ಕೂ ಮೊದಲು ದಾವಣಗೆರೆಯ ಒಂದೇ ಗರಡಿ ಮನೆಯ ಮಣ್ಣು ತಿಂದವರು. ಅವನು ಅಕ್ಕನನ್ನು ಮದುವೆಯಾದ. ಮರುವರ್ಷ, "ತಂಗಿ ಒಬ್ಬಳು ಅದಾಳೆ, ಬಾರಲೇ" ಎಂದು ನನ್ನ ಕುತ್ತಿಗೆಪಟ್ಟಿ ಹಿಡಿದು ಅದೇ ಮನೆಗೆ ಎಳೆದುಕೊಂಡು ಹೋದ. ಆ ಹಿಡಿತ ಇನ್ನೂ ಸಡಿಲಾಗಿಲ್ಲ. ನಾನು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುತ್ತೇನೆ, ಅವನದು ಹರಿಹರದಲ್ಲಿ ಕಬ್ಬಿಣ ಮತ್ತು ಸಿಮೆಂಟಿನ ಅಂಗಡಿ. "ನೀ ಹೊರೋದು ಮಂಡಕ್ಕಿ ಚೀಲ, ನಾ ಹೊರೋದು ಸಿಮೆಂಟ್ ಚೀಲ, ನಿನಗೂ ನನಗೂ ಇಷ್ಟೇ ನೋಡು ಫರಕು" ಎಂದು ಬೀಗರ ನಡುವೆ ಕೂತು ಹೇಳುವುದು ಅವನ ಚಾಳಿ. ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಗರಡಿಯಲ್ಲಿ ನಮಗೆ ಕುಸ್ತಿ ಕಲಿಸಿದ ಉಸ್ತಾದರು ತೀರಿಹೋಗಿ ಬಹಳ ವರ್ಷಗಳಾದವು. ಅವರು ಬಿಟ್ಟುಹೋದ ಎರಡು ಕಟ್ಟಳೆಗಳು ಮಾತ್ರ ನಮ್ಮನ್ನು ಬಿಟ್ಟಿಲ್ಲ. ಇಬ್ಬರ ನಡುವೆ ಮಾತಿನಲ್ಲಿ ಬಗೆಹರಿಯದ್ದು ಮಟ್ಟಿಯಲ್ಲಿ, ಅಂದರೆ ಕುಸ್ತಿಯ ಆ ಕೆಂಪು ಮಣ್ಣಿನಲ್ಲಿ, ಬಗೆಹರಿಯಬೇಕು. ಬೆನ್ನು ನೆಲಕ್ಕೆ ತಾಗಿ ಚಿತ್ ಆದವನು ಆಮೇಲೆ ಎದುರಾಡಕೂಡದು. ಇದು ಮೊದಲನೆಯದು. ಎರಡನೆಯದು ಇನ್ನೂ ಕಟು. ಅದೇ ಜೋಡಿಯ ಮುಂದಿನ ಕುಸ್ತಿ ನಡೆಯುವ ತನಕ ಗೆದ್ದವನು ನೋವಾಯಿತೆಂದು ಬಾಯಿ ಬಿಡುವಂತಿಲ್ಲ. ಬಿಟ್ಟರೆ ಗೆಲುವು ಸೋತವನ ಪಾಲು. "ಸೋತವ ಅಳಬೋದು. ಗೆದ್ದವ ಅತ್ತರೆ ಅದು ಗೆಲುವಲ್ಲ" ಎನ್ನುತ್ತಿದ್ದರು ಉಸ್ತಾದರು. ಕೈ ಮುರಿದುಕೊಂಡೂ ಹಲ್ಲು ಕಿರಿಯುತ್ತ ಮನೆಗೆ ಹೋದ ಪೈಲ್ವಾನರನ್ನು ನಾನು ಕಣ್ಣಾರೆ ನೋಡಿದ್ದೇನೆ. ಹುಚ್ಚರು ಅನ್ನಿ. ವಯಸ್ಸು ಐವತ್ತರ ಹತ್ತಿರ ಬಂದರೂ ಆ ಹುಚ್ಚು ಇಳಿಯದವರಲ್ಲಿ ನಾವಿಬ್ಬರೂ ಸೇರಿದ್ದೇವೆ.

ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಅಕ್ಕ ತಂಗಿ ಇಬ್ಬರೂ ಸೇರಿ ನಮಗೆ ನಡಿಗೆಯ ಶಿಕ್ಷೆ ವಿಧಿಸಿದರು. ಭಾನುವಾರ ಬೆಳಿಗ್ಗೆ ಕೊಂಡಜ್ಜಿಗೆ ಹೋಗಿ, ಕೆರೆ ಏರಿಯ ಮೇಲೆ ನಡೆದು, ಗುಡ್ಡ ಹತ್ತಿ ಇಳಿದು, ಬರುವಾಗ ಬೆಣ್ಣೆ ದೋಸೆ ತಿಂದು ಕರಗಿಸಿದ್ದನ್ನೆಲ್ಲ ಮತ್ತೆ ತುಂಬಿಕೊಳ್ಳುತ್ತಿದ್ದೆವು. ಗುಡ್ಡ ಹತ್ತಿ ಹತ್ತಿ ತಲೆಗೇರಿತು ನೋಡಿ, ಮಳೆಗಾಲಕ್ಕೆ ಕುದುರೆಮುಖದ ರಾಷ್ಟ್ರೀಯ ಉದ್ಯಾನಕ್ಕೆ ಚಾರಣ ಹೋಗೋಣವೆಂದು ನಾನೇ ಬಾಯಿ ತೆಗೆದೆ.

ಅಲ್ಲಿಗೆ ಸುಮ್ಮನೆ ಹೋಗಿ ಕಂಡ ಬೆಟ್ಟ ಹತ್ತುವಂತಿಲ್ಲ. ಮೊದಲೇ ಮೊಬೈಲಿನಲ್ಲಿ ಹಾದಿ ಆರಿಸಿ ಬುಕ್ ಮಾಡಬೇಕು, ಅವರು ಕೊಟ್ಟ ಗೈಡ್ ಜೊತೆಗೇ ನಡೆಯಬೇಕು. ನನ್ನ ಆಯ್ಕೆ ಕುರಿಂಜಲ್. ಹಾದಿ ಸಣ್ಣದು, ಅರ್ಧ ದಿನದ ಕೆಲಸ. ಮೇಲೆ ಕೂತು ಮಂಡಕ್ಕಿ ತಿಂದು, ನಾಲ್ಕು ಫೋಟೊ ಹೊಡೆದುಕೊಂಡು ಇಳಿದರಾಯಿತು. ಅವನಿಗೆ ಬೇಕಾದದ್ದು ಕುದುರೆಮುಖದ ನೆತ್ತಿ, ಬೆಳಗಿನಿಂದ ಸಂಜೆಯ ತನಕ ಕಾಲೆಳೆಸುವ ಉದ್ದದ ಹಾದಿ.

"ಕುರಿಂಜಲ್ಲೂ ಒಂದು ಬೆಟ್ಟನೇನಲೇ? ಕೊಂಡಜ್ಜಿ ಗುಡ್ಡದ ಮ್ಯಾಲೆ ಇನ್ನೊಂದು ಗುಡ್ಡ ಇಟ್ಟಂಗೈತೆ. ನೀನು ನಿನ್ನ ಮಂಡಕ್ಕಿ ಅಲ್ಲೇ ತಿನ್ನು, ನಾ ಬರಲ್ಲ."

"ಆ ಹೊಟ್ಟಿ ಹೊತ್ಕಂಡು ಹೆಂಗೆ ಹತ್ತೀಯಣ್ಣ? ಇಳಿಸಾಕೆ ಕ್ರೇನ್ ತರಬೇಕಾಗತೈತೆ" ಎಂದೆ.

ಕೆರೆ ಏರಿಯ ಮೇಲೆ ನಿಂತು ಮಾತಾಡುತ್ತಿದ್ದೆವು. ನನ್ನ ಮಾತು ಮುಗಿಯುವುದರೊಳಗೆ ಅವನ ಅಂಗೈ ನನ್ನ ಕಪಾಳಕ್ಕೆ ಬಿದ್ದಿತ್ತು. ನಾನು ಅವನ ಅಂಗಿ ಹಿಡಿದು ಜಗ್ಗಿದೆ, ಗುಂಡಿಗಳು ಹಾರಿ ನೀರಿಗೆ ಬಿದ್ದವು. ವಾಕಿಂಗ್ ಬಂದವರು ಬಿಡಿಸಲು ಓಡಿ ಬಂದರು. ಅವನು ಅವರನ್ನು ಪಕ್ಕಕ್ಕೆ ತಳ್ಳಿ, "ಇಲ್ಲಿ ಬ್ಯಾಡ. ಮಟ್ಟಿಗೆ ಬಾ" ಎಂದ. ಆ ಮಾತು ಬಂದ ಮೇಲೆ ಇನ್ನೇನೂ ಉಳಿಯುವುದಿಲ್ಲ.

ಮನೆಯಲ್ಲಿ ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು. "ರೀ, ಬೆಟ್ಟ ಹತ್ತಾಕೆ ಕುಸ್ತಿ ಯಾಕ್ರಿ? ಚೀಟಿ ಎತ್ತಿದ್ರೆ ಸಾಲ್ದೇನು?" ಸಂಜೆಯೇ ಗರಡಿಗೆ ಹೋದೆ.

ಹನುಮಪ್ಪನ ಫೋಟೊಕ್ಕೆ ಕೈ ಮುಗಿದು, ಮಣ್ಣು ಹಣೆಗೆ ಹಚ್ಚಿಕೊಂಡು ಇಳಿದೆವು. ಇಬ್ಬರಿಗೂ ಉಸಿರು ಬೇಗ ಕಟ್ಟಿತು, ಸಿಟ್ಟು ಮಾತ್ರ ಹರೆಯದ್ದೇ. ಅವನು ನನ್ನ ಮುಖವನ್ನು ಮಣ್ಣಿಗೆ ಒತ್ತಿ ತಿಕ್ಕಿದ; ನಾನು ಮೊಣಕೈಯಿಂದ ಅವನ ಪಕ್ಕೆಗೆ ಗುದ್ದಿದೆ. ಬಾಯ್ತುಂಬ ಮಣ್ಣು, ಅದರಲ್ಲಿ ರಕ್ತದ ರುಚಿ. ಕೊನೆಗೆ ಅವನು ನನ್ನ ತೋಳನ್ನು ಭುಜದ ಮೇಲೆಳೆದುಕೊಂಡು, ಮೊಣಕಾಲು ಊರಿ, ಒಗೆಯುವ ಬಟ್ಟೆ ಬಂಡೆಗೆ ಬಡಿದಂತೆ ಬಡಿದ. ನನ್ನ ಬಲಭುಜ ಮೊದಲು ನೆಲ ಮುಟ್ಟಿತು, ಆಮೇಲೆ ಬೆನ್ನು. ಆ ಹೊತ್ತಿಗೇ ಕಟಕ್ಕೆಂದು ಒಂದು ಸದ್ದು.

"ಯಾರ್ದಲೇ ಅದು?" ಎಂದರು ಸುತ್ತಲಿದ್ದವರು.

"ಇವಂದೇ. ಮಂಡಕ್ಕಿ ಮೂಳೆ" ಎಂದ ಅವನು.

ನಾನೂ ನಂಬಿದೆ, ಏಕೆಂದರೆ ಭುಜ ಬೆಂಕಿ ಬಿದ್ದ ಹಾಗೆ ಉರಿಯುತ್ತಿತ್ತು. ಅವನು ತೊಡೆ ತಟ್ಟಿದ, ಆದರೆ ಮಟ್ಟಿ ಬಿಟ್ಟು ಏಳಲಿಲ್ಲ. ಎಲ್ಲರೂ ಹೋಗುವ ತನಕ ಅಂಚಿನಲ್ಲೇ ಕೂತಿದ್ದ. ಗೆದ್ದ ಕೊಬ್ಬು, ಕೂತಿರಲಿ ಎಂದುಕೊಂಡೆ. ಅವತ್ತೇ ನನ್ನ ಕೈಯಿಂದಲೇ ಉದ್ದದ ಹಾದಿ ಬುಕ್ ಮಾಡಿಸಿದ.

ಮುಂದಿನ ಭಾನುವಾರ ಕೊಂಡಜ್ಜಿಗೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಒಂದು ದಿನ ಹೆಂಡತಿ ರೊಟ್ಟಿ ತಟ್ಟುತ್ತ ಹೇಳಿದಳು, "ಅಕ್ಕ ಫೋನ್ ಮಾಡಿದ್ಲು. ಭಾವಾರು ದಿನಾ ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಇಟ್ಕಂತಾರಂತೆ. ಏನಾತು ಅಂದ್ರೆ ಕೈ ಎತ್ತಾಕೆ ಬರ್ತಾರಂತೆ."

ಆಗ ನನಗೆ ಹೊಳೆಯಿತು. ಆ ಸದ್ದು ನನ್ನದಲ್ಲ, ಅವನ ಮೊಣಕಾಲಿನದು. ನನ್ನನ್ನು ಎತ್ತಿ ಬಡಿದ ಭಾರಕ್ಕೆ ಒಳಗೆ ಏನೋ ಹರಿದಿತ್ತು. ನೋವೆಂದರೆ ಗೆಲುವು ಹೋಗುತ್ತದೆ, ಗೆಲುವು ಹೋದರೆ ಹಾದಿಯೂ ಹೋಗುತ್ತದೆ. ಇನ್ನೊಂದು ಕುಸ್ತಿ ಆಡಿದರೆ ಬಾಯಿಗೆ ಬಿಡುಗಡೆ ಸಿಗುತ್ತದೆ, ಆದರೆ ಆ ಕಾಲಿನಲ್ಲಿ ಆಡಿದರೆ ಸೋಲು ಗ್ಯಾರಂಟಿ. ಮುಳ್ಳಿನ ಮೇಲೆ ಬಿದ್ದ ಬಟ್ಟೆಯಂತಾಗಿತ್ತು ಅವನ ಸ್ಥಿತಿ. ಫೋನ್ ಮಾಡಿದೆ.

"ಅಣ್ಣ, ಕಾಲಿಗೆ ಏನಾಗೈತೆ?"

"ನಿನ್ನ ಭುಜಕ್ಕೆ ಏನಾಗೈತೆ ಅದನ್ನ ನೋಡ್ಕ."

"ನಾನೇ ಬರಲ್ಲ. ಕ್ಯಾನ್ಸಲ್ ಮಾಡೋಣ."

"ಹೆದರಿದೇನಲೇ?" ಎಂದ. ಆ ಒಂದು ಮಾತಿಗೆ ನನ್ನ ಕನಿಕರವೆಲ್ಲ ಹೊಗೆಯಾಗಿ ಹೋಯಿತು. ಸಾಯಲಿ ಎಂದುಕೊಂಡೇ ಬ್ಯಾಗು ಕಟ್ಟಿದೆ.

ಬೆಟ್ಟದ ಬುಡಕ್ಕೆ ಬಾಡಿಗೆ ಜೀಪು ಮಾಡಿಕೊಂಡು ಹೋದೆವು. ಚೆಕ್‌ಪೋಸ್ಟಿನಲ್ಲಿ ಬ್ಯಾಗು ಬುಡಮೇಲು ಮಾಡಿ ಪ್ಲಾಸ್ಟಿಕ್ ಹುಡುಕಿದರು. ಮಂಡಕ್ಕಿಯ ಕವರು ಅವರ ಪಾಲಾಯಿತು, ಮಂಡಕ್ಕಿಯನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡೆ. ನಮ್ಮ ಗೈಡು ನಮ್ಮದೇ ವಯಸ್ಸಿನ ಆ ಕಡೆಯ ಮನುಷ್ಯ, ಕೈಯಲ್ಲೊಂದು ಛತ್ರಿ, ಬಾಯಲ್ಲಿ ಎಲೆ ಅಡಿಕೆ. ಮಳೆ ಬಡಿಯುತ್ತಿತ್ತು. ಬಯಲುಸೀಮೆಯವನಿಗೆ ಮಳೆ ಮೇಲಿಂದ ಬರುತ್ತದೆ ಎಂಬುದಷ್ಟೇ ಗೊತ್ತು. ಅಲ್ಲಿ ಅದು ಅಡ್ಡಡ್ಡ ಬಂದು ಮುಖಕ್ಕೆ ಹೊಡೆಯುತ್ತಿತ್ತು. ಇಂಬಳವೆಂಬ ಕಾಡು ಜಿಗಣೆ ಸಾಕ್ಸಿನೊಳಗೆ ನುಗ್ಗಿ ಕಾಲೆಲ್ಲ ರಕ್ತ. ಮೊದಲ ಹಳ್ಳ ದಾಟುವಾಗ ಷಡ್ಡಕ ಆಸರೆಗೆಂದು ನನ್ನ ಬಲಭುಜವನ್ನೇ ಹಿಡಿದ. ಕಣ್ಣಿಗೆ ಕತ್ತಲೆ ಬಂತು. ಸೋತವನಾದ್ದರಿಂದ ನಾನು ಬಾಯ್ತುಂಬ ಬೈದೆ. ಅವನು ಹಲ್ಲು ಕಚ್ಚಿ ನಡೆದ.

ಹಾದಿಯ ಗುರುತೆಂದು ಗೈಡ್ ತೋರಿಸಿದ ಒಂಟಿಮರ ದಾಟಿದ ಮೇಲೆ ಹುಲ್ಲಿನ ಏರು ಶುರುವಾಯಿತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಮಂಜು ತುಂಬಿದ ಇಳಿಜಾರು. ಅಲ್ಲಿ ಅವನ ಮೊಣಕಾಲು ಒಳಕ್ಕೆ ಮಡಚಿತು. ಎದ್ದ. ನಾಲ್ಕು ಹೆಜ್ಜೆಗೆ ಮತ್ತೆ ಬಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಸಾಕಣ್ಣ, ತಿರುಗು" ಎಂದೆ.

"ಹಾದಿ ಗೆದ್ದವ ನಾನು. ನೀನು ಸೋತವ. ಎದುರಾಡಬ್ಯಾಡ, ನಡಿ."

"ಕಾಲು ಹೋಗತೈತೆ ನಿಂದು!"

"ಹೋಗ್ಲಿ!"

ನಾನು ಅವನ ರಟ್ಟೆ ಹಿಡಿದು ಕೆಳಮುಖವಾಗಿ ಜಗ್ಗಿದೆ. ಅವನ ಮುಷ್ಟಿ ನೇರ ನನ್ನ ಬಾಯಿಗೆ ಬಂತು. ತುಟಿ ಸೀಳಿತು. ಅಷ್ಟೇ, ನನಗೆ ಮೈಮೇಲೆ ಬಂದ ಹಾಗಾಯಿತು. ಅವನ ಹಟ, ಬೀಗರ ನಡುವಿನ ಆ ಸಿಮೆಂಟ್ ಚೀಲದ ಮಾತು, ಎಲ್ಲವೂ ಸೇರಿ ನನ್ನ ಕೈಗೆ ಇಳಿಯಿತು. ಕೆನ್ನೆಗೆ ಬಿಟ್ಟೆ, ಮೂಗಿಗೆ ಬಿಟ್ಟೆ. ಅವನು ನನ್ನ ಕೂದಲು ಹಿಡಿದು ತಲೆಯಿಂದ ಹಣೆಗೆ ಡಿಕ್ಕಿ ಕೊಟ್ಟ. ಇಬ್ಬರೂ ಕೆಸರಿನಲ್ಲಿ ಉರುಳಿದೆವು, ಮತ್ತೆ ಎದ್ದೆವು. ಗೈಡ್ ಛತ್ರಿ ಬಿಸಾಡಿ ಕಿರುಚುತ್ತಿದ್ದ, "ನಿಲ್ಸಿ ಮಾರಾಯ್ರೇ! ಕೆಳಗೆ ಪ್ರಪಾತ ಉಂಟು! ನನ್ನ ಕೆಲಸ ಹೋಗ್ತದೆ!"

ಮಟ್ಟಿಯಲ್ಲಿ ನಾನು ಅವನಿಗಿಂತ ಒಂದು ಕೈ ಕಡಿಮೆಯೇ. ಅವತ್ತು ಅವನಿಗೆ ಒಂದೇ ಕಾಲು. ಆ ಒಳ್ಳೆಯ ಕಾಲಿಗೇ ನನ್ನ ಕಾಲು ಹಾಕಿ ಗುಡ್ಡದ ಕಡೆಗೆ ಕೆಡವಿದೆ. ಅನ್ಯಾಯ ಅನ್ನುವವರು ಅನ್ನಲಿ, ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಅವನು ಬೆನ್ನ ಮೇಲೆ ಬಿದ್ದ. ನಾನು ಎದೆಯ ಮೇಲೆ ಕೂತು ಎರಡೂ ಭುಜಗಳನ್ನು ಹುಲ್ಲಿಗೆ ಒತ್ತಿ ಹಿಡಿದೆ.

"ಚಿತ್" ಎಂದೆ. ನನ್ನ ತುಟಿಯ ರಕ್ತ ಅವನ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. "ಹಾದಿ ಈಗ ನಂದು. ಕೆಳಗೆ."

"ಇದು ಮಟ್ಟಿ ಅಲ್ಲ."

"ಮಣ್ಣು ಎಲ್ಲಿದ್ರೂ ಮಣ್ಣೇ. ಉಸ್ತಾದ್ರ ಆಣೆ ಮಾಡಿ ಅಲ್ಲ ಅನ್ನು."

ಅವನು ಅಲ್ಲ ಅನ್ನಲಿಲ್ಲ. ತೆರೆದ ಕಣ್ಣಿಗೆ ಮಳೆ ಬೀಳುತ್ತಿತ್ತು, ಮುಚ್ಚಲಿಲ್ಲ. ಆಮೇಲೆ ಅವನ ಎದೆ ನನ್ನ ಕೆಳಗೆ ನಡುಗತೊಡಗಿತು. ಮತ್ತೆ ಮೇಲೇಳುತ್ತಾನೆಂದು ನಾನು ಇನ್ನಷ್ಟು ಒತ್ತಿದೆ. ಅವನು ಅಳುತ್ತಿದ್ದ. "ಸತ್ತೇ ಹೋದೆನಲೇ... ಮೊಣಕಾಲು ಹರಿದುಹೋಗೈತಲೇ... ಇಷ್ಟು ದಿನದಿಂದ ಒಂದು ರಾತ್ರಿ ಕಣ್ಣು ಮುಚ್ಚಿಲ್ಲಲೇ" ಎಂದು, ಅಷ್ಟು ದೊಡ್ಡ ಆಳು, ಬೆಟ್ಟಕ್ಕೆಲ್ಲ ಕೇಳುವಂತೆ ಗೋಳಾಡಿದ. ಸೋತಿದ್ದನಲ್ಲ, ಈಗ ಅಳಬಹುದಿತ್ತು. ನಾನು ಎದೆಯಿಂದ ಇಳಿದು ಪಕ್ಕದಲ್ಲಿ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ನನಗೂ ಅಳು ಬಂತು. ಗೈಡ್ ಹತ್ತಿರ ಬರಲು ಹೆದರಿ ದೂರದಲ್ಲೇ ನಿಂತಿದ್ದ.

ಅವನಿಂದ ನಡೆಯಲು ಆಗುವ ಹಾಗಿರಲಿಲ್ಲ. ಗೆದ್ದವನನ್ನು ಹೊತ್ತು ಮೆರೆಸುವುದು ಕುಸ್ತಿಯ ಪದ್ಧತಿ. ಅಲ್ಲಿ ಗೆದ್ದವನೇ ಸೋತವನನ್ನು ಕೂಸುಮರಿ ಹೊತ್ತುಕೊಂಡ. ಗೈಡ್ ಹಿಂದಿನಿಂದ ಆತು ಹಿಡಿದುಕೊಂಡ. ಅಲ್ಲಲ್ಲಿ ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಹೊತ್ತೆ. ಮಂಡಕ್ಕಿ ಚೀಲ ಹೊರುವ ಭುಜದ ಮೇಲೆ ಸಿಮೆಂಟ್ ಚೀಲದ ಭಾರ, ಅದೂ ಬಲಗಡೆಗೇ ಹೆಚ್ಚು. ಹಳ್ಳದ ಹತ್ತಿರ ಅವನು ಕಿವಿಯ ಬಳಿ ಮೆಲ್ಲಗೆ ಕೇಳಿದ, "ಭುಜ ನೋಯ್ತೈತೇನಲೇ?"

"ಇಲ್ಲ" ಎಂದೆ.

ದಾವಣಗೆರೆಯಲ್ಲಿ ಆಪರೇಷನ್ ಆಯಿತು. ನಡೆಯಬಹುದು, ನಿಧಾನಕ್ಕೆ ಗುಡ್ಡವನ್ನೂ ಹತ್ತಬಹುದು, ಆದರೆ ಇನ್ನು ಯಾವತ್ತೂ ಮಟ್ಟಿಗೆ ಇಳಿಯಕೂಡದು ಎಂದರು ಡಾಕ್ಟರು. ಅಂದರೆ ನಮ್ಮ ಜೋಡಿಯ ಮುಂದಿನ ಕುಸ್ತಿ ನಡೆಯುವುದೇ ಇಲ್ಲ. ಬೀಗರ ನಡುವೆ ಈಗ ಅವನು ಸಿಮೆಂಟಿನ ಮಾತು ಎತ್ತುವುದಿಲ್ಲ. ನಾನು ಏನಾದರೂ ಅಂದರೆ, "ಅವ ಗೆದ್ದವ, ಅವನ ಮಾತೇ ನಡೀಲಿ ಬಿಡ್ರಿ" ಎಂದು ಸುಮ್ಮನಾಗುತ್ತಾನೆ. ಆ ಮೆತ್ತನೆಯ ದನಿ ಅವನ ಏಟಿಗಿಂತ ಜೋರಾಗಿ ತಾಗುತ್ತದೆ. ನನ್ನೊಡನೆ ಹೊಡೆದಾಡದ ಷಡ್ಡಕ ನನಗೆ ಬೇಡ.

ನನ್ನ ಬಲಗೈ ಗೂಟಕ್ಕೆ ಅಂಗಿ ಸಿಕ್ಕಿಸುವಷ್ಟೂ ಮೇಲೇಳುವುದಿಲ್ಲ. ಭಟ್ಟಿ ಕೆಲಸದ್ದು ಎಂದು ಹೆಂಡತಿಗೆ ಹೇಳಿದ್ದೇನೆ. ಅವನು ಸಿಕ್ಕಾಗಲೆಲ್ಲ ಓರೆಗಣ್ಣಿನಿಂದ ನೋಡಿ ಕೇಳುತ್ತಾನೆ, "ನೋವೈತೇನಲೇ?" ಪ್ರತಿ ಸಲವೂ ಇಲ್ಲವೆಂದೇ ಹೇಳಿದ್ದೇನೆ.

ಐತೆ ಅಣ್ಣ. ಅವತ್ತು ಜೀಪು ಮುಟ್ಟುವ ತನಕ ಭುಜ ಕಿತ್ತು ಬರುವಷ್ಟು ನೋಯುತ್ತಿತ್ತು, ಇವತ್ತೂ ನೋಯುತ್ತದೆ. ಬಾಯಿ ಬಿಟ್ಟಿದ್ದೇನೆ, ಗೆಲುವು ನಿನ್ನದು. ಈ ಸಲದ ಹಾದಿ ಯಾವುದು, ನೀನೇ ಹೇಳು.