ಬೇರೆ ಚಾನೆಲ್ಲಿನ ದನಿ

ದೂರವಾಣಿ ಕಚೇರಿಯಲ್ಲಿ ಮೂವತ್ತು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದುಡಿದವಳಿಗೆ ನಿವೃತ್ತಿಯ ನಂತರವೂ ಕಿವಿ ಸುಮ್ಮನಿರಲಿಲ್ಲ. ರಾಕೆಟ್ ಹಾರುವ ದಿನ ರೇಡಿಯೊ ಸೆಟ್ಟಿನ ಮುಂದೆ ಕೂತು, ಸಮುದ್ರ ಕಾಯುವ ಹಡಗುಗಳ ಮಾತು ಕೇಳುವುದೇ ಅವಳ ಹುಚ್ಚು.

ಎರಡು ಸಲ ಮುಂದೂಡಿದ್ದ ಉಡಾವಣೆ ಅಂದು ಬೆಳಿಗ್ಗೆ ಮತ್ತೆ ನಿಂತಿತು. ರಾಕೆಟ್ ಹಾರುವಾಗ ಯಾರೂ ಇರಬಾರದ ಸಮುದ್ರದ ಜಾಗದಲ್ಲಿ ಒಂದು ಮೀನುದೋಣಿ ಇತ್ತು. ಹಡಗಿನವರು ರೇಡಿಯೊದಲ್ಲಿ ಎಷ್ಟು ಕರೆದರೂ ದೋಣಿಯಿಂದ ಉತ್ತರವಿಲ್ಲ.

“ಕಿವಿಗೆ ಹತ್ತಿ ತುರುಕ್ಕೊಂಡಿದಾನಾ ಇವ್ನು!” ಎಂದು ಸಿಡುಕುತ್ತಾ ಬೇರೆ ಚಾನೆಲ್ ತಿರುಗಿಸಿದಳು. ಅಲ್ಲಿ ಕ್ಷೀಣ ದನಿಯೊಂದು ಕೇಳಿತು: “ದೋಣಿ ಎಂಜಿನ್ ಕೆಟ್ಟಿದೆ. ಯಾರಾದ್ರೂ ಇದೀರಾ?”

ತಕ್ಷಣ ಬಂದರು ಕಚೇರಿಗೆ ಫೋನ್ ಮಾಡಿದಳು.

“ಯಾವ ಹಡಗಿಂದ ಮಾತಾಡ್ತಿದೀರಮ್ಮಾ?” ಎಂದ ಗುಮಾಸ್ತ.

“ಹಡಗಲ್ಲಪ್ಪಾ, ನಮ್ಮನೆ ಹಜಾರದಿಂದ! ಮೊದ್ಲು ಆ ದೋಣಿಯವ್ನು ಕೂಗ್ತಿರೋ ಚಾನೆಲ್ ನಂಬರ್ ಬರ್ಕೊಳ್ಳೋ ಮಹರಾಯ!”

ಮೂರು ಸಲ ಹೇಳಿದ ಮೇಲೆ ಅವನು ಬರೆದುಕೊಂಡ. ಅರ್ಧ ಗಂಟೆಯಲ್ಲಿ ಹಡಗೊಂದು ದೋಣಿಗೆ ಹಗ್ಗ ಕಟ್ಟಿ ಎಳೆಯತೊಡಗಿತು.

“ಹಾರ್ತಾ ನಿನ್ನ ರಾಕೆಟ್ಟು?” ಎಂದು ಅವಳ ಅಕ್ಕ ಅಡುಗೆಮನೆಯಿಂದ ಕೇಳಿದಳು.

“ಎಲ್ಲಿ ಹಾರತ್ತೆ! ಮತ್ತೆ ಮುಂದಕ್ಕೆ ಹಾಕಿದ್ರು. ನನ್ನ ಹಣೆಬರಹ!”

ಹಾಗೆ ಗೊಣಗಿದರೂ, ದೋಣಿ ದಡ ಸೇರಿತೆಂಬ ಮಾತು ಕೇಳುವವರೆಗೂ ಅವಳು ಸೆಟ್ ಆರಿಸಲಿಲ್ಲ.