ಮರದ ಬಸ್ಸಿನ ಏಳನೆಯ ಸೀಟು

ಸತ್ತವರು ಕಣ್ಣಿಗೆ ಬಿದ್ದರು, ಮಾತಾಡಿಸಿದರು ಅಂತ ಯಾರಾದರೂ ಶುರುಮಾಡಿದರೆ ಅವರ ಎದುರಿಗೇ ನಕ್ಕುಬಿಡುತ್ತಿದ್ದವನು ನಾನು. ಅಂಥವನೇ ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೂ ನನಗೆ ಬೇಜಾರಿಲ್ಲ.

ಕೈಯಲ್ಲಿ ಮಾಡಿದ ಹಳೆಯ ಮರದ ಆಟಿಕೆಗಳನ್ನು ಕೂಡಿಡುವುದು ನನ್ನ ಹುಚ್ಚು. ಅದರಲ್ಲೂ ಕಣ್ಣು, ಮೂಗು, ಬಣ್ಣ ಯಾವುದೂ ಇಲ್ಲದೆ ಬರೀ ಆಕಾರದಲ್ಲೇ ಚೆಂದ ಕಾಣುವ ಆಧುನಿಕ ವಿನ್ಯಾಸದವು ಅಂದರೆ ಪ್ರಾಣ. ಕೆಲವು ವರ್ಷಗಳ ಹಿಂದೆ ಶಿರಾದ ಗುಜರಿ ಅಂಗಡಿಯಲ್ಲಿ ಅಂಥದೊಂದು ಬಸ್ಸು ಸಿಕ್ಕಿತು. ಸೀಟುಗಳ ಜಾಗದಲ್ಲಿ ಏಳು ತೂತು. ಅವುಗಳಲ್ಲಿ ಕೂರಿಸುವ ಬೆರಳುದ್ದದ ಗೊಂಬೆಗಳು ಮಾತ್ರ ಆರೇ. ಏಳನೆಯದು ಸಿಗದೆ ನನಗೆ ನಿದ್ದೆ ಬರುವ ಹಾಗಿರಲಿಲ್ಲ. “ದೊಡ್ಡೇರಿ ಕಡೆ ಮಾಲು ಸಾಬ್, ಅಲ್ಲಿ ಆಚಾರ್ರ ಮನೆ ಕೇಳಿ” ಎಂದು ಅಂಗಡಿಯವನು ಹಳ್ಳಿಯ ಹೆಸರು ಹೇಳಿದ.

ಮರುದಿನ ಮಧ್ಯಾಹ್ನವೇ ಬಸ್ಸನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋದೆ. ಆಚಾರಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆತ ದೂರದ ಊರಿನ ಯಾವುದೋ ವಿನ್ಯಾಸ ಶಾಲೆಯಲ್ಲಿ ಮರಗೆಲಸಕ್ಕಿದ್ದು, ಅಲ್ಲಿ ಕಂಡದ್ದನ್ನು ತನ್ನ ಮಕ್ಕಳಿಗೆ ಮಾಡಿಕೊಟ್ಟಿದ್ದನಂತೆ. ಮನೆಯಲ್ಲಿ ಆತನ ಮಗಳು ಪುಟ್ಟಮ್ಮ ಇದ್ದರು. ಸಕ್ಕರೆ ಕಾಯಿಲೆಯಿಂದ ಅವರ ಎರಡೂ ಕಣ್ಣು ಹೋಗಿದ್ದವು. ಅವರನ್ನು ನೋಡಿಕೊಳ್ಳುತ್ತಿದ್ದ ಅಣ್ಣನ ಮಗಳು ಶಾರದಾ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಬಸ್ಸು ತೋರಿಸಿ ಏಳನೆಯ ಗೊಂಬೆ ಇದೆಯಾ ಎಂದು ಅವಳನ್ನು ಕೇಳಿದೆ.

“ಅಟ್ಟ ಖಾಲಿ ಮಾಡುವಾಗ ನಾನೇ ಗುಜರಿಗೆ ಹಾಕ್ಬುಟ್ಟೆ ಸಾರ್” ಎಂದು ಆಕೆ ಪಿಸುಗುಟ್ಟಿದಳು. “ಅವತ್ತಿಂದ ನಮ್ಮತ್ತೆ ಬಸ್ ಎಲ್ಲಿ, ನಮ್ಮೋರೆಲ್ಲ ಎಲ್ಲಿ ಅಂತ ಒಂದೇ ಸಮ ಕೇಳ್ತವ್ರೆ. ಏಳನೇದು ಸಿಗಕ್ಕಿಲ್ಲ ಬುಡಿ. ಅದು ಮಂಜ ಚಿಕ್ಕಪ್ಪಂದು. ಚಿಕ್ಕೋನಾಗೇ ತೀರ್ಕಂಡ್ನಂತೆ. ಮಣ್ಣು ಮಾಡುವಾಗ ತಾತ ಅವನ ಕೈಲೇ ಇಟ್ಬುಟ್ರಂತೆ.”

ನಿಜ ಹೇಳುತ್ತೇನೆ, ಆಗ ನನಗೆ ಆ ಮಗುವಿನ ಮೇಲೆ ಮರುಕ ಹುಟ್ಟಲಿಲ್ಲ. ಸೆಟ್ಟು ಪೂರ್ತಿಯಾಗಲಿಲ್ಲವಲ್ಲ ಅಂತ ಹೊಟ್ಟೆ ಉರಿಯಿತು, ಅಷ್ಟೇ. ಒಂದು ಸಲ ಮುಟ್ಟಿ ನೋಡಲಿ, ಆಮೇಲೆ ಎತ್ತಿಕೊಂಡು ಹೊರಡೋಣ ಎಂದು ಬಸ್ಸನ್ನು ಪುಟ್ಟಮ್ಮನ ಮಡಿಲಲ್ಲಿಟ್ಟೆ.

ಆಕೆ ಗೊಂಬೆಗಳನ್ನು ತಡವಿ ಒಂದೊಂದಾಗಿ ಕೂರಿಸಿದರು. “ಅಪ್ಪ. ಅವ್ವ. ಅಜ್ಜಿ. ಇಬ್ರು ಅಣ್ಣದೀರು. ಇದು ನಾನು.” ಪ್ರತಿಯೊಂದೂ ಟಕ್ ಎಂದು ಕೂತಿತು. ಆಮೇಲೆ ಮಡಿಲಿನಿಂದ ಏನನ್ನೋ ಎತ್ತಿದ ಹಾಗೆ ಬೆರಳು ಕೂಡಿಸಿ, “ಇವ್ನು ಮಂಜ. ಒಸಿ ಹಿಡ್ಕಳಪ್ಪ, ಸೀಟು ಎಲ್ಲೈತೆ ನೋಡ್ತೀನಿ” ಎಂದು ನನ್ನ ಅಂಗೈಗೆ ಇಟ್ಟರು.

ಅಂಗೈಯಲ್ಲಿ ಏನೂ ಕಾಣಲಿಲ್ಲ. ಆದರೆ ಭಾರ ಇತ್ತು. ಬಿಸಿಲಿಗಿಟ್ಟ ಮರದ ಬಿಸುಪು ಇತ್ತು. ತಲೆಯ ಕಡೆ ಹಲ್ಲಿನಿಂದ ಕಚ್ಚಿದಂಥ ತಗ್ಗು ನನ್ನ ಹೆಬ್ಬೆರಳಿಗೆ ಸಿಕ್ಕಿತು. ಅಯ್ಯೋ ದೇವರೇ, ಕೈ ಕೊಡವಲೂ ಆಗಲಿಲ್ಲ, ಮುಚ್ಚಲೂ ಆಗಲಿಲ್ಲ. ಪುಟ್ಟಮ್ಮ “ಕೊಡು” ಎಂದು ತೆಗೆದುಕೊಂಡಾಗ ಕೈ ಹಗುರಾಯಿತು.

ಏಳನೆಯ ತೂತಿನ ಮೇಲೆ ಬೆರಳೊತ್ತಿದರು. ಟಕ್ ಎಂದಿತು. ಕಡಲೆಕಾಯಿ ಒಡೆದ ಸದ್ದಿರಬೇಕು ಎಂದು ತಿರುಗಿ ನೋಡಿದರೆ ಶಾರದಾ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಆ ತೂತು ಮಾತ್ರ ಖಾಲಿಯೇ ಇತ್ತು.

“ನಂಗೆ ಕಾಣಕ್ಕಿಲ್ಲ ಕಣಪ್ಪ, ನೀನು ನೋಡಿ ಹೇಳು. ಏಳು ಜನಾನೂ ಕೂತವ್ರಾ?”

“ಕೂತಿದ್ದಾರೆ ಅಮ್ಮ, ಏಳೂ ಜನ” ಎಂದೆ. ಬಸ್ಸನ್ನು ಅವರ ಮಡಿಲಲ್ಲೇ ಬಿಟ್ಟು ಎದ್ದು ಬಂದೆ. ಬದುಕಿನಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಅವತ್ತು ಹೇಳಿದ್ದು ಸುಳ್ಳೋ ನಿಜವೋ ಅನ್ನುವುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.